ಸೀತಾರಾಮಪ್ಪ ಕುಡಿತ ಬಿಟ್ಟಿದ್ದು

ಎಲ್ಲಕ್ಕೂ ಮೂಲ ಒಂದು ಶಾಲು. ಸಾಗರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ ಸೀತಾರಾಮಪ್ಪನ ಮುಂದೆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಕನ್ನಪ್ಪ ಒಂದು ಫೋಟೋ ತಂದಿಟ್ಟ. ಗಣಪತಿ ಪೆಂಡಾಲಿನಲ್ಲಿ ಕನ್ನಪ್ಪನಿಗೆ ಶಾಲು ಹೊದೆಸುತ್ತಿರುವ ಫೋಟೋ. ಅವನು ಕುಡಿತ ಬಿಟ್ಟು ವರ್ಷವಾಯಿತೆಂದು ಕೇರಿಯವರು ಮಾಡಿದ ಸನ್ಮಾನ ಅದು.

“ತೇಗದ ಕಟ್ಟೇ ಇರ್ಲಿ ಸೀತಾರಾಮಣ್ಣ. ಸ್ವಲ್ಪ ಹೊಳೀಬೇಕು,” ಅಂದು ಕನ್ನಪ್ಪ ಹೋದ.

ಸೀತಾರಾಮಪ್ಪ ಮರಕ್ಕೆ ಸಾರಾಯಿಯಂತೆ ನಾರುವ ಸ್ಪಿರಿಟ್ ಪಾಲಿಶ್ ಉಜ್ಜುತ್ತ ಒಳಗೊಳಗೇ ಕುದಿದ. ಇದೇ ಕನ್ನಪ್ಪನನ್ನು ಚರಂಡಿಯಿಂದ ಎತ್ತಿ ಮನೆಗೆ ಮುಟ್ಟಿಸುತ್ತಿದ್ದವನು ಯಾರು? ತಾನು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನು ಯಾರು? ಅದೂ ತಾನೇ. ಶಾಲು ಮಾತ್ರ ಅವನಿಗೆ! ಹೊಟ್ಟೆಕಿಚ್ಚಿಗೆ ಪಾಲಿಶ್ ಅರ್ಧ ಅಂಗಿಯ ಮೇಲೇ ಚೆಲ್ಲಿತು.

ತಿಂಡಿ ತಂದ ಹೆಂಡತಿ ವರದಮ್ಮ ಫೋಟೋ ನೋಡಿ ಕರಗಿಹೋದಳು. “ಗಂಡಸು ಅಂದ್ರೆ ಹೀಗಿರ್ಬೇಕು. ಇವತ್ತು ಕಡುಬು ಮಾಡಿದ್ದೆ, ಮೊದ್ಲು ಕನ್ನಪ್ಪಣ್ಣನ ಮನೆಗೇ ಕೊಟ್ಟು ಬಂದೆ.”

“ನಾನು ಕುಡ್ದೇ ಇಲ್ವಲ್ಲೇ, ಅದಕ್ಕೆ ಎಂತದೂ ಇಲ್ವಾ?”

“ಕುಡೀದೇ ಇರೋದು ಎಂತ ದೊಡ್ಡ ವಿಷ್ಯ? ನಮ್ಮನೆ ಎಮ್ಮೆನೂ ಕುಡಿಯಲ್ಲ. ಬಿಟ್ಟು ತೋರ್ಸಬೇಕು!”

ಆ ಮಾತು ನಾಟಿತು. ಬಿಡಬೇಕಾದರೆ ಮೊದಲು ಹಿಡಿಯಬೇಕು. ಈ ವಯಸ್ಸಿನಲ್ಲಿ ಕುಡಿಯಲು ಕಲಿಯುವ ಕಷ್ಟ ಯಾರಿಗೆ ಬೇಕು? ನೇರವಾಗಿ ಬಿಡುವುದಕ್ಕೇ ಹೋದರಾಯಿತು. ಕುಡಿತ ಬಿಟ್ಟವರ ಸಭೆ ಸಾಗರದಲ್ಲಿತ್ತು, ಆದರೆ ಅಲ್ಲಿ ಕನ್ನಪ್ಪನಿದ್ದ. ಹೊಸನಗರದಲ್ಲೂ ಭಾನುವಾರ ಅಂಥದೊಂದು ಸಭೆ ಸೇರುತ್ತದೆಂದು ಅವನೇ ಒಮ್ಮೆ ಹೇಳಿದ್ದ. ಗುರುತಿನವರಿಲ್ಲದ ಊರು, ಒಳ್ಳೆಯದೇ. ಸೀತಾರಾಮಪ್ಪ ಅಂಗಿ ಸಹ ಬದಲಿಸದೆ ಬಸ್ಸು ಹತ್ತಿದ.

ಹೊಸನಗರದಲ್ಲಿ ಇಳಿದ ಮೇಲೆ ತಿಳಿದದ್ದು, ಏನು ಹುಡುಕುತ್ತಿದ್ದೇನೆಂದು ಬಾಯಿಬಿಡದೆ ಹುಡುಕುವುದು ಎಷ್ಟು ಕಷ್ಟ ಎಂದು. “ಇವತ್ತು ಇಲ್ಲೊಂದು ಮೀಟಿಂಗ್ ಉಂಟಲ್ಲ, ಎಲ್ಲಿ?” ಎಂದು ಆಟೋದವನನ್ನು ಕೇಳಿದ. ಅವನು ಹಾಲಿನ ಸೊಸೈಟಿ ಸಭೆಗೆ ತಂದು ಬಿಟ್ಟ. ಅಲ್ಲಿ ಸೀತಾರಾಮಪ್ಪ ಯಾವುದೋ ಠರಾವಿಗೆ ಕೈಯೆತ್ತಿ, ಬಾಳೆಹಣ್ಣು ತಿಂದು, ಎದುರು ಪಕ್ಷದವರು ಎದ್ದು “ಇವ್ನು ಯಾವ ಊರಿನ ಸದಸ್ಯ?” ಎಂದು ಕೂಗಿದಾಗ ಹಿಂಬಾಗಿಲಿನಿಂದ ಓಡಿದ. ಓಡಿ ಹೊಕ್ಕದ್ದು ಮಹಿಳಾ ಸಂಘದ ರಂಗೋಲಿ ಸ್ಪರ್ಧೆಗೆ. ಒಂದು ನವಿಲಿನ ಕುತ್ತಿಗೆ ಅವನ ಕಾಲಡಿ ಸಿಕ್ಕಿ ಅಳಿಸಿಹೋಯಿತು. ಅಲ್ಲಿ ಬೈಸಿಕೊಂಡು ಬಂದು, ಸೋತು ಒಂದು ಹೋಟೆಲಿನಲ್ಲಿ ಕೂತ.

ಹೋಟೆಲಿನ ಮಾಸ್ತಪ್ಪ ನೀರು ತಂದಿಟ್ಟವನು ಮೂಗರಳಿಸಿದ. “ಹಗಲಲ್ಲೇ ಆಗಿದ್ಯಾ?”

“ಇಲ್ಲ ಮಾರಾಯ್ರೆ, ನಾನು ಕುಡಿಯಲ್ಲ! ಇದು ಪಾಲಿಶ್ ವಾಸ್ನೆ.”

“ಪಾಲಿಶ್ ಕುಡೀತೀರಾ?” ಮಾಸ್ತಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. “ಛೆ, ಛೆ! ನಿಮ್ಮನ್ನ ಎಲ್ಲೋ ನೋಡಿದೀನಲ್ಲ... ನೀವು ಸಾಗರದ ವರದಕ್ಕನ ಯಜಮಾನ್ರಲ್ವಾ? ನನ್ ಹೆಂಡ್ತಿ ತೌರು ನಿಮ್ಮ ಕೇರಿನೇ.”

ಸೀತಾರಾಮಪ್ಪ ಎದ್ದು ಹೊರಡಲು ನೋಡಿದ. ಮಾಸ್ತಪ್ಪ ಅವನ ಕೈಹಿಡಿದು ಶಾಲೆಯ ಹಿಂದೆ ಕುಡಿತ ಬಿಟ್ಟವರ ಸಭೆ ಸೇರುವ ಕೋಣೆಗೆ ತಾನೇ ಕರೆತಂದು ಬಿಟ್ಟ. ದಾರಿಯುದ್ದಕ್ಕೂ ಫೋನಿನಲ್ಲಿ ಯಾರೊಡನೆಯೋ ಪಿಸುಗುಡುತ್ತಲೇ ಇದ್ದ.

ಒಳಗೆ ಒಬ್ಬೊಬ್ಬರಾಗಿ ಎದ್ದು ತಮ್ಮ ಕತೆ ಹೇಳುತ್ತಿದ್ದರು. ಸೀತಾರಾಮಪ್ಪನ ಸರದಿ ಬಂದಾಗ ಮನಸ್ಸು ಹಿಂಜರಿದು, “ನಿಜ ಹೇಳ್ಬೇಕಂದ್ರೆ, ನಾನು ಕುಡಿದೇ ಇಲ್ಲ,” ಅಂದ. ಎಲ್ಲರೂ ಮರುಕದಿಂದ ತಲೆಯಾಡಿಸಿದರು. ಅದು ಸಹಿಸಲಾಗಲಿಲ್ಲ. ಕನ್ನಪ್ಪನದೇ ಕತೆಯನ್ನು, ಚರಂಡಿ ಸಮೇತ, ತನ್ನದೆಂದು ಹೇಳಿಬಿಟ್ಟ. ಆಮೇಲೆ ಚಪ್ಪಾಳೆ! ಮುದುಕರೊಬ್ಬರು ಎದ್ದು ಬಂದು ಅಪ್ಪಿಕೊಂಡರು. ಸೀತಾರಾಮಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಅಮಲೇರಿತು.

“ಇಲ್ಲಿ ಹೊಸಬ್ರಿಗೆ ಹಳಬ್ರೊಬ್ಬರು ಜೊತೆಗಿರ್ತಾರೆ,” ಅಂದರು ಮುದುಕರು. “ನಿಮ್ಮೂರಲ್ಲೇ ನಮ್ಮವರೊಬ್ರು ಇದ್ದಾರೆ. ನಿಮ್ ನಂಬರ್ ಅವರಿಗೆ ಕೊಡ್ಲಾ?”

“ಕೊಡಿ, ಕೊಡಿ!” ಅಂದ ಸೀತಾರಾಮಪ್ಪ ಆ ಅಮಲಿನಲ್ಲೇ.

ಸಂಜೆ ಮನೆಯ ಮುಂದೆ ಕೇರಿಯೇ ನೆರೆದಿತ್ತು. ಜಗಲಿಯಲ್ಲಿ ಕನ್ನಪ್ಪ ಕೂತಿದ್ದ. ವರದಮ್ಮ ಕಣ್ಣೊರೆಸಿಕೊಳ್ಳುತ್ತ ಓಡಿ ಬಂದಳು. “ಮಾಸ್ತಪ್ಪ ಎಲ್ಲ ಹೇಳಿದ್ರು. ಇಷ್ಟು ವರ್ಷ ಅದು ಪಾಲಿಶ್ ವಾಸ್ನೆ ಅಂತ್ಲೇ ನಂಬಿದ್ನಲ್ರೀ!”

“ಅಯ್ಯೋ, ಅದು ಪಾಲಿಶ್ ವಾಸ್ನೆನೇ ಕಣೇ! ನಾನು ಯಾವತ್ತೂ ಕುಡಿದಿಲ್ಲ!”

ಕನ್ನಪ್ಪ ಕಣ್ಣುಮುಚ್ಚಿ ನಸುನಕ್ಕ. “ನಾನೂ ಮೊದಲ್ನೇ ದಿನ ಹೀಗೇ ಹೇಳಿದ್ದೆ ಸೀತಾರಾಮಣ್ಣ. ಹೊಸನಗರದಿಂದ ಫೋನ್ ಬಂತು. ನಾನು ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ಆದ್ರೆ ಇನ್ಮೇಲೆ ನಿಮ್ಮ ಜವಾಬ್ದಾರಿ ನಂದು.”

ಆಗ ಪೆಂಡಾಲಿನ ಅಧ್ಯಕ್ಷ ಮಂಜಯ್ಯ ಮುಂದೆ ಬಂದ. ಅವನ ಕೈಯಲ್ಲಿ ಶಾಲಿತ್ತು. ಸೀತಾರಾಮಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡ. ಸುಳ್ಳೋ ನಿಜವೋ, ಶಾಲು ಶಾಲೇ ಅಲ್ಲವೇ? ತಲೆ ಬಾಗಿಸಿ ನಿಂತ. ಶಾಲು ಅವನ ಕಿವಿ ಸವರಿಕೊಂಡು ಮುಂದೆ ಹೋಗಿ ಕನ್ನಪ್ಪನ ಹೆಗಲೇರಿತು.

“ತಾನು ಬಿಟ್ಟಿದ್ದಲ್ದೆ, ಇಂಥ ಕಳ್ಳ ಕುಡುಕನ್ನೂ ದಾರಿಗೆ ತರೋಕೆ ಹೊರಟ ಮಹಾನುಭಾವ!” ಅಂದ ಮಂಜಯ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಪ್ಪ ಸೀತಾರಾಮಪ್ಪನ ಹೆಗಲ ಮೇಲೆ ಕೈಹಾಕಿ ಫೋಟೋಕ್ಕೆ ನಿಂತ.

ವರದಮ್ಮ ಅಂಗಡಿಯ ಕಪಾಟಿನ ಬೀಗದಕೈಯನ್ನು ಕನ್ನಪ್ಪನ ಕೈಗಿಟ್ಟು ಗಂಡನ ಕಡೆ ತಿರುಗಿದಳು.

“ಈ ಫೋಟೋಕ್ಕೂ ನಾಳೆ ಒಂದು ಕಟ್ಟು ಹಾಕ್ಬಿಡಿ. ಪಾಲಿಶ್ ಬಾಟ್ಲಿ ಮಾತ್ರ ಮುಟ್ಬೇಡಿ. ಅದನ್ನ ಕನ್ನಪ್ಪಣ್ಣನೇ ಬಂದು ಹಚ್ತಾರೆ.”