ಬಟ್ಟಲ ತಳದ ಸೂಗಮ್ಮ

ಸ್ಟೀಲ್ ಬಟ್ಟಲಿನ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ 'ಸೂಗಮ್ಮ' ಎಂದು ಕೊರೆದಿತ್ತು. ಕೊನೆಯ ಒತ್ತು ಅಂಚಿಗೆ ತಾಗಿ ಅರ್ಧಕ್ಕೇ ನಿಂತಿತ್ತು.

ಎಳ್ಳಮಾವಾಸ್ಯೆಯ ದಿನ ಕೆಳಗಿನ ಮನೆಯವರು ಅದರ ತುಂಬ ಭಜ್ಜಿ ಪಲ್ಯ ಹಾಕಿ ನನ್ನ ಕೈಗಿತ್ತಿದ್ದರು. ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನನಗೆ ಗೊತ್ತಿತ್ತು. ಅಡುಗೆ ಗೊತ್ತಿರಲಿಲ್ಲ. ಹೀಗಾಗಿ ಬಟ್ಟಲು ಪೆನ್ನು, ಕ್ಲಿಪ್ಪುಗಳನ್ನು ತುಂಬಿಕೊಂಡು ನನ್ನ ಮೇಜಿನ ಮೇಲೆ ಕಾಯಂ ಆಯಿತು.

ಸೇಡಮ್ಮಿನ ಆ ಓಣಿಯಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆಗೆ ನಾನು ಬಂದು ಎರಡು ವರ್ಷವಾಗಿತ್ತು. ಹೆತ್ತವರು ಚಿಂಚೋಳಿ ಪಕ್ಕದ ಚಂದಾಪುರದಲ್ಲಿದ್ದಾರೆ. ನಾನು ಸಮಾಜಕಾರ್ಯ ಓದಿದವಳು. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಗಳನ್ನೂ ಅವಳ ಮಕ್ಕಳನ್ನೂ ಓಣಿಯ ಹೆಂಗಸರೇ ಸೇರಿ ಕಾಪಾಡುವುದು ಹೇಗೆ ಎಂದು ಚಿತ್ತಾಪುರ, ವಾಡಿ, ಶಹಾಬಾದಿನ ಮಹಿಳಾ ಸಂಘಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಈ ಕೌಶಲವನ್ನು ನಂಬಿ ತಾಂಜಾನಿಯಾದ ಒಂದು ಪುಟ್ಟ ಮಹಿಳಾ ಗುಂಪು ಆರು ತಿಂಗಳ ಮಟ್ಟಿಗೆ ಸ್ವಯಂಸೇವಕಿಯಾಗಿ ಬನ್ನಿ ಎಂದು ಕರೆದಿತ್ತು. ನಿಮ್ಮ ದೊಡ್ಡ ಶಕ್ತಿ ಯಾವುದು ಎಂದು ಸಂದರ್ಶನದಲ್ಲಿ ಅವರು ಕೇಳಿದಾಗ, 'ನೆರೆಹೊರೆಯವರ ವಿಶ್ವಾಸ ಗಳಿಸುವುದು' ಎಂದು ನಾನು ಸ್ಪಷ್ಟವಾಗಿ ಉತ್ತರಿಸಿದ್ದೆ.

ತಿಂಗಳ ಕೊನೆಯೊಳಗೆ ಪಾಸ್‌ಪೋರ್ಟ್ ಪ್ರತಿ ಕಳಿಸದಿದ್ದರೆ ಜಾಗ ಬೇರೆಯವರ ಪಾಲು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಉಳಿದಿದ್ದು ಪೊಲೀಸ್ ವಿಚಾರಣೆ ಒಂದೇ. ನಾನು ಈ ಓಣಿಯಲ್ಲಿ ವಾಸವಾಗಿದ್ದೇನೆ ಎಂದು ಇಬ್ಬರು ನೆರೆಯವರು ಹೇಳಿದರೆ ಮುಗಿಯಿತು. ಇದಕ್ಕಿಂತ ಸುಲಭದ ಕೆಲಸ ಯಾವುದಿದೆ!

ಚಿತ್ತಾಪುರದಲ್ಲಿ ತರಬೇತಿ ನಡೆಸುತ್ತಿದ್ದಾಗ ಪೇದೆಯವರ ಫೋನು ಬಂತು. ನಿಮ್ಮ ಓಣಿಯ ಕಡೆಗೇ ಹೊರಟಿದ್ದೇನೆ, ನಿಮ್ಮನ್ನು ಬಲ್ಲ ಇಬ್ಬರ ಹೆಸರು ಹೇಳಿ ಎಂದರು. ಯೋಚಿಸಿದೆ. ಎರಡು ವರ್ಷದಲ್ಲಿ ನಾನು ಯಾರ ಹೆಸರನ್ನೂ ಕೇಳಿರಲಿಲ್ಲ. ಆದರೆ 'ಗೊತ್ತಿಲ್ಲ' ಎಂದು ಹೇಳಿ ನನಗೆ ರೂಢಿಯಿಲ್ಲ. ಕೆಳಗಿನ ಮನೆಯ ಸೂಗಮ್ಮ ಎಂದೆ. ಮೂಲೆಯ ಕಿರಾಣಿ ಅಂಗಡಿಯ ಮಲ್ಲಿಕಾರ್ಜುನ ಎಂದೆ. ಹಾಲಿಗೆ ಫೋನಿನಲ್ಲಿ ದುಡ್ಡು ಕಳಿಸುವಾಗಲೆಲ್ಲ ಪರದೆಯ ಮೇಲೆ ಬರುತ್ತಿದ್ದ ಹೆಸರದು. ಎರಡಕ್ಕೂ ಲಿಖಿತ ಆಧಾರವಿತ್ತು.

ಊಟದ ಹೊತ್ತಿಗೆ ಮತ್ತೆ ಫೋನು.

"ಮೇಡಂ, ಸೂಗಮ್ಮ ಅನ್ನೋರು ಮುಧೋಳದಾಗ ತೀರಿಕೊಂಡು ಭಾಳ ವರ್ಷ ಆಯ್ತಂತ್ರಿ."

ಮಲ್ಲಿಕಾರ್ಜುನ ಇದ್ದಾರಲ್ಲ ಎಂದೆ.

"ಮಲ್ಲಿಕಾರ್ಜುನ ಅಂಗಡಿಯವರ ಅಳಿಯ ಅಂತ. ವಾಡಿಯಾಗ ಇರ್ತಾನ. ಇನ್ನ ನೀವು... ಮ್ಯಾಲಿನ ರೂಮಿನ್ಯಾಗ ಯಾರೂ ಇಲ್ಲ ಅಂದ್ರು. ಒಬ್ಬ ಹುಡುಗಿ ಇದ್ದಳಂತ, ಊರ ಬಿಟ್ಟು ಹೋಗ್ಯಾಳಂತ. ಸಂಜಿಗಿ ಹಂಗೇ ರಿಪೋರ್ಟ್ ಹಾಕ್ತೀನ್ರಿ."

ಒಬ್ಬರು ಸತ್ತಿದ್ದಾರೆ, ಒಬ್ಬರು ವಾಡಿಯಲ್ಲಿದ್ದಾರೆ, ಮೂರನೆಯವಳಾದ ನಾನು ಪರಾರಿ. ಇಂಥ ವರದಿ ಹೋದ ಮೇಲೆ ತಾಂಜಾನಿಯಾ ಇರಲಿ, ಪಕ್ಕದ ತಾಂಡೂರಿಗೂ ನನ್ನನ್ನು ಬಿಡುವುದು ಕಷ್ಟವೆನಿಸಿತು.

ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಸೇಡಂ ಬಸ್ಸು ಹತ್ತಿದೆ. ಮೊದಲು ಓಣಿಯವರ ಮೇಲೆ ಸಿಟ್ಟು ಬಂತು. ಕಣ್ಣಮುಂದೆ ಓಡಾಡುವವಳನ್ನು ಇಲ್ಲ ಎನ್ನಬಹುದೇ? ಆಮೇಲೆ, ಮೆಟ್ಟಿಲ ಬಳಿ ಯಾರೂ ಇಲ್ಲವೆಂದು ಬಾಗಿಲ ಸಂದಿನಿಂದ ಖಚಿತ ಮಾಡಿಕೊಂಡೇ ನಾನು ದಿನವೂ ಕೆಳಗಿಳಿಯುತ್ತಿದ್ದುದು ನೆನಪಾಯಿತು. ಸಿಟ್ಟು ಹೋಗಿ ಬರೀ ಭಯ ಉಳಿಯಿತು.

ಠಾಣೆಯಲ್ಲಿ ಆಧಾರ್ ಕಾರ್ಡು, ಬಾಡಿಗೆ ಕರಾರು ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಕಾಗದವೆಲ್ಲ ಸರಿಯಾಗಿದೆ, ಆದರೆ ಮನುಷ್ಯರು ಹೇಳಬೇಕಲ್ಲ ಎಂದರು ಪೇದೆ. ಬೇಡಿಕೊಂಡ ಮೇಲೆ ಇನ್ನೊಮ್ಮೆ ಬರಲು ಒಪ್ಪಿದರು. ಓಣಿಯಲ್ಲಿ ಚರಂಡಿ ಅಗೆದಿದ್ದರಿಂದ ಗಾಡಿಯನ್ನು ಮೂಲೆಯಲ್ಲೇ ನಿಲ್ಲಿಸಬೇಕಾಯಿತು. ಮುಂದೆ ತಲೆ ತಗ್ಗಿಸಿಕೊಂಡು ನಾನು, ಹಿಂದೆ ಲಾಠಿ ಹಿಡಿದು ಅವರು. ನೋಡಿದವರಿಗೆ ಏನನಿಸುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಕೆಳಗಿನ ಮನೆಯವರು ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನನ್ನ ಮೆಟ್ಟಿಲಿಗೆ ಅಡ್ಡ ನಿಂತರು. ಎದುರು ಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಅಲ್ಲಿ ಹೊಲಿಯುತ್ತಿದ್ದ, ಎಲ್ಲರೂ ಆಪಾ ಎಂದು ಕರೆಯುವ ಹೆಂಗಸು ಅಳತೆ ಪಟ್ಟಿಯನ್ನು ಕೊರಳಲ್ಲಿ ಹಾಗೇ ಬಿಟ್ಟುಕೊಂಡು ಹೊರಬಂದು ನನ್ನ ಮೊಣಕೈ ಹಿಡಿದರು.

"ಸಾಹೇಬ್ರ, ಹುಡುಗಿ ವಯಸ್ಸಿಗಿ ಬಂದಾಕಿ ಅದಾಳ. ಅವರಪ್ಪ ಕಂಪ್ಲೇಂಟ್ ಕೊಟ್ಟಾನಂತ ಎಳಕೊಂಡು ಹೋಗಲಿಕ್ಕಿ ಬರಲ್ರಿ."

ಪೇದೆ ನನ್ನತ್ತ ನೋಡಿದರು. ನಾನು ಆಪಾರತ್ತ ನೋಡಿದೆ. ಅದು ಹೆಚ್ಚುಕಡಿಮೆ ನನ್ನ ತರಬೇತಿಯ ಮೂರನೆಯ ಪಾಠ.

ಆಗ ತಿಳಿಯಿತು. ಯಾರೂ ಬಂದುಹೋಗದ ಒಂಟಿ ಹುಡುಗಿ, ಮಾಳಿಗೆಯ ಮೇಲೆ ಪಿಸುಮಾತಿನ ಫೋನು, ಮೊನ್ನೆ ತಂದ ಹೊಸ ಸೂಟ್‌ಕೇಸು. ಮನಸ್ಸಿಲ್ಲದ ಲಗ್ನ ತಪ್ಪಿಸಿಕೊಂಡು ಬಂದವಳು ಎಂದು ಓಣಿ ಎಂದೋ ತೀರ್ಮಾನಿಸಿತ್ತು. ಮಧ್ಯಾಹ್ನ ಪೊಲೀಸರು ಬಂದು ಸತ್ತವರ ಹೆಸರು ಹಿಡಿದು ನನ್ನ ಬಗ್ಗೆ ವಿಚಾರಿಸಿದಾಗ ಅನುಮಾನ ಗಟ್ಟಿಯಾಯಿತು. ಇಡೀ ಓಣಿ ಒಂದೇ ಬಾಯಲ್ಲಿ ನನ್ನನ್ನು ಬಚ್ಚಿಟ್ಟಿತು!

"ಮಧ್ಯಾಹ್ನ ಈ ಹುಡುಗಿ ಇಲ್ಲ ಅಂದ್ರಿ," ಎಂದರು ಪೇದೆ.

"ಮಧ್ಯಾಹ್ನ ಇರಲಿಲ್ರಿ," ಎಂದರು ಕೆಳಗಿನ ಮನೆಯವರು. "ಡ್ಯೂಟಿಗಿ ಹೋಗಿತ್ತು."

ಅಪ್ಪನ ದೂರಿಲ್ಲ, ಲಗ್ನವಿಲ್ಲ, ಕಲಿಸಲಿಕ್ಕೆ ಆಫ್ರಿಕಾಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು ಎಂದು ಓಣಿಯ ನಡುವೆ ನಿಂತು ಹೇಳಿದೆ. ಅಷ್ಟು ಜನರ ಎದುರು ನನ್ನ ಸ್ವಂತ ವಿಷಯ ಹೇಳಿದ್ದು ಅದೇ ಮೊದಲು. ಅಲ್ಲಿ ಏನು ಕಲಿಸುತ್ತೀ ಎಂದು ಆಪಾ ಕೇಳಿದರು. ಕಷ್ಟದಲ್ಲಿರುವ ಹೆಣ್ಣುಮಗಳನ್ನು ಓಣಿಯವರೆಲ್ಲ ಸೇರಿ ಕಾಪಾಡುವುದು ಹೇಗೆ ಎಂದು, ಅಂದೆ. ದನಿ ಕೊನೆಗೆ ಸಣ್ಣದಾಯಿತು.

"ಯಾಕ ಬೇಟಾ," ಎಂದರು ಆಪಾ, ನಿಜವಾದ ಅನುಕಂಪದಿಂದ, "ಅಲ್ಲಿ ಹೆಂಗಸರಿಗಿ ಬಾಯಿ ಇಲ್ಲೇನು?"

ಪೇದೆ ತಮ್ಮ ಕೆಲಸಕ್ಕೆ ಬಂದರು. "ಆಯ್ತು, ಈಕಿ ಗೊತ್ತದ ಅಂತೀರಿ. ಹೆಸರೇನು?"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಪಾಸ್‌ಪೋರ್ಟ್ ಆ ನೋಟಗಳ ನಡುವೆ ನೇತಾಡುತ್ತಿತ್ತು. ಕೊನೆಗೆ ಕೆಳಗಿನ ಮನೆಯವರು ನನ್ನ ಕಡೆ ತಿರುಗಿ, "ನಿನ್ನ ಹೆಸರು ಏನವ್ವ?" ಎಂದರು.

"ನೀವರ ಹೇಳ್ರಿ ಮೇಡಂ, ಇವರ ಹೆಸರೇನು?" ಎಂದರು ಪೇದೆ.

ಸೂಗಮ್ಮ ಎಂದು ಮತ್ತೆ ಬಾಯಿಗೆ ಬಂತು. ನುಂಗಿಕೊಂಡೆ.

ಪೇದೆ ಪೆನ್ನು ಮುಚ್ಚತೊಡಗಿದರು. ಆಗ ಕೆಳಗಿನ ಮನೆಯವರು ಶುರು ಮಾಡಿದರು. ಹೆಸರು ಕಟ್ಟಿಕೊಂಡು ಏನು ಮಾಡುವುದು? ಈ ಹುಡುಗಿ ಬಂದಿದ್ದು ಹೋದ ವರ್ಷದ ಹಿಂದಿನ ಕಾರಹುಣ್ಣಿಮೆಗೆ. ಅನ್ನ ಸೀಯಿಸುವುದು ವಾರಕ್ಕೆರಡು ಸಲ. ಚಳಿಗಾಲದಲ್ಲಿ ಜ್ವರ ಬಂದಾಗ ಕೆಮ್ಮಿನ ಸದ್ದು ಕೇಳಿ ಬಾಗಿಲಲ್ಲಿ ಗಂಜಿ ಇಟ್ಟರೆ, ಯಾರು ಇಟ್ಟರೆಂದೂ ಕೇಳದೆ ಕುಡಿಯಿತು. ಸ್ನಾನ ಮಾಡುವಾಗ ಹಾಡುತ್ತದೆ, ಅದೂ ಒಂದೇ ಹಾಡು. ಆಪಾ ತಿದ್ದಿದರು: ಎರಡು ಹಾಡು, ಧಾಟಿ ಒಂದೇ. ಅಂಗಡಿಯವರೂ ಅಷ್ಟು ದೂರದಿಂದ ತಲೆದೂಗಿದರು.

ಶಹಾಬಾದ್ ಕಲ್ಲಿನ ಕಟ್ಟೆ ಬಾಯಿ ತೆರೆದರೆ ಒಳಗೆ ಹೋಗಿಬಿಡೋಣ ಎನಿಸಿತು.

"ಸಾಕ್ರಿ, ಸಾಕು," ಎಂದರು ಪೇದೆ. "ಇಷ್ಟು ಗೊತ್ತಿದ್ರ ಇಲ್ಲೇ ಇರ್ತಾರ." ಇಬ್ಬರ ಸಹಿ ಪಡೆದರು. ಮಹಾದೇವಿ. ರಜಿಯಾ ಬೇಗಂ. ನಾನು ಪೇದೆಯವರ ಹೆಗಲ ಮೇಲಿಂದ ಇಣುಕಿ ಓದಿಕೊಂಡೆ.

ಪೇದೆ ಹೋದ ಮೇಲೆ ಕೆಳಗಿನ ಮನೆಯ ಮಹಾದೇವಿ ಕೇಳಿದರು, ಸೂಗಮ್ಮನ ಹೆಸರು ಯಾರು ಹೇಳಿದರು ನಿನಗೆ ಎಂದು. ಬಟ್ಟಲು ಎಂದೆ. ಅವರು ಸೆರಗು ಬಾಯಿಗಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೇಬಿಟ್ಟರು.

"ಅದು ನಮ್ಮತ್ತಿ ಅಕ್ಕ ನನ್ನ ಲಗ್ನದಾಗ ಆಯಾರ ಕೊಟ್ಟ ಬಟ್ಟಲ ಅವ್ವ. ಬಟ್ಟಲ ಮ್ಯಾಲ ಕೊಟ್ಟವರ ಹೆಸರು ಇರ್ತದ. ಇಟ್ಟುಕೊಂಡವರದು ಅಲ್ಲ."

ಮರುದಿನ ಬೆಳಿಗ್ಗೆ ಪೆನ್ನು, ಕ್ಲಿಪ್ಪು ತೆಗೆದು ಬಟ್ಟಲನ್ನು ತಿಕ್ಕಿ ತೊಳೆದು ಸಕ್ಕರೆ ತುಂಬಿದೆ. ಸಕ್ಕರೆ ಸೀಯುವುದಿಲ್ಲ. ಬಜಾರಿನ ಪಾತ್ರೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತು, ಅಷ್ಟೇ ದೊಡ್ಡ ಎರಡು ಹೊಸ ಬಟ್ಟಲು ಕೊಂಡೆ, ಕೆಳಗಿನ ಮನೆಗೊಂದು, ಎದುರು ಮನೆಗೊಂದು. ಹೆಸರು ಕೊರೆಯುವವನು ಯಂತ್ರ ಹಿಡಿದು ಏನು ಬರೆಯಲಿ ಎಂದ. ಪೊಲೀಸರು ಇನ್ನೊಮ್ಮೆ ಬಂದರೆ ತಿರುಗಿಸಿ ಓದಲು ಅನುಕೂಲವಾಗುವಂತೆ ದಪ್ಪಗೆ ಬರೆಸಿದೆ: 'ಸುನಂದಾ, ಮ್ಯಾಲಿನ ರೂಮು.'