ಓವನ್ನಿಗೊಂದು ಭಾನುವಾರ

ನನಗೆ ತಾರೀಖು ಬರೆದಿಡುವ ಚಟವಿದೆ. ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ಒಳಗೆ ಸೀಟು ಖಾಲಿ ಇದ್ದರೂ ಲೋಕಲ್ ರೈಲಿನ ಬಾಗಿಲಲ್ಲೇ ಜೋತಾಡುವ ಚಟ, ನನ್ನದು ಇದು. ಮುಂಬಯಿಯ ದಹಿಸರ್‌ನ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಹೊಟ್ಟೆಯ ಮೇಲೆ ಅದು ಬಂದ ದಿನವನ್ನೂ, ಹಲ್ಲುಜ್ಜುವ ಬ್ರಷ್ಷಿನ ಬೆನ್ನಿಗೆ ಅದು ಬಳಕೆಗೆ ಬಂದ ದಿನವನ್ನೂ, ಉಪ್ಪಿನಕಾಯಿ ಭರಣಿಗೆ ಅದರ ಜನ್ಮದಿನವನ್ನೂ ಬರೆದಿದ್ದೇನೆ. "ನನ್ನ ಬೆನ್ನ ಮ್ಯಾಲೂ ಒಂದ್ ತಾರೀಖ ಬರದಬಿಡವಾ, ಸರ್ವಿಸಿಂಗ್ ಯಾವಾಗ ಅಂತ ನಿಮ್ಮಪ್ಪಗ ಗೊತ್ತಾಗಲಿ" ಎಂದು ಅವ್ವ ಅನ್ನುತ್ತಾಳೆ. ಬರೆದಿಡುವವರಿಗೆಲ್ಲ ಒಂದು ಭ್ರಮೆ ಇರುತ್ತದೆ: ಬರೆದದ್ದೆಲ್ಲ ನಮ್ಮ ಹಿಡಿತದಲ್ಲಿದೆ ಎಂದು. ಈ ಭ್ರಮೆ ಇದ್ದವರನ್ನು ಜನ ಬೇಗ ಗುರುತಿಸಿ, ಯಾರಿಗೂ ಬೇಡವಾದ ಕೆಲಸವನ್ನು ಗೌರವಪೂರ್ವಕವಾಗಿ ಒಪ್ಪಿಸುತ್ತಾರೆ. ನನಗೆ ಒಪ್ಪಿಸಿದ್ದು ಒಂದು ಓವನ್ನು.

ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂಬದಿಯಲ್ಲಿ ಮಲ್ಲಪ್ಪ ಕಾಕಾನ ಬೇಕರಿ ಇದೆ. ಮಲ್ಲಪ್ಪ ಕಾಕಾ ನಮ್ಮಪ್ಪನ ತಮ್ಮ. ವಿಜಯಪುರದ ಕಡೆಯಿಂದ ಬಂದವನು. ಬರುವಾಗ ಜೊತೆಗೆ ಅದೇ ಊರಿನ ದಸ್ತಗೀರ್ ಚಾಚಾನನ್ನೂ ಕರೆತಂದವನು. ಕಾಕಾ ಗಲ್ಲಾದಲ್ಲಿ, ಚಾಚಾ ಭಟ್ಟಿಯ ಮುಂದೆ, ಹೀಗೇ ಇಬ್ಬರಿಗೂ ತಲೆ ನರೆತಿತ್ತು. ಸೌದೆ ಉರಿಸುವ ಇಟ್ಟಿಗೆಯ ದೊಡ್ಡ ಭಟ್ಟಿ ಅದು. ನಗರದೊಳಗೆ ಸೌದೆಯ ಹೊಗೆ ಬೇಡವೆಂದಾದಾಗ ಅದನ್ನು ಕೆಡವಿ, ಅದೇ ಜಾಗದಲ್ಲಿ ಕಪಾಟಿನಷ್ಟು ಎತ್ತರದ ಕರೆಂಟಿನ ಓವನ್ನನ್ನು ತಂದು ನಿಲ್ಲಿಸಿದರು. ಒಳಗೆ ಒಂದರ ಮೇಲೊಂದು ತಟ್ಟೆಗಳು, ಹಿಂದಿನ ಗೋಡೆಯಲ್ಲಿ ಒಂದು ಫ್ಯಾನು. ಆ ಫ್ಯಾನು ಬಿಸಿಗಾಳಿಯನ್ನು ಸುತ್ತಿಸುತ್ತ ಎಲ್ಲ ತಟ್ಟೆಗಳನ್ನೂ ಸಮಾನವಾಗಿ ಬೇಯಿಸುತ್ತದೆ ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಬಿ.ಕಾಂ. ಮುಗಿಸಿ ಕಾಕಾನ ಬಿಲ್ಲು, ಆರ್ಡರು ನೋಡಿಕೊಳ್ಳುತ್ತಿದ್ದೆ. "ಇದನ್ನ ನೀನ ಓದವಾ. ಇನ್ನ ಮ್ಯಾಲ ಈ ಮಶೀನ್ ನಿಂದು" ಎಂದು ಕಾಕಾ ಪುಸ್ತಕವನ್ನು ಎರಡೂ ಕೈಯಿಂದ ಕೊಟ್ಟ. ಕನ್ಯಾದಾನದ ಗಾಂಭೀರ್ಯ ಅವನ ಮುಖದಲ್ಲಿತ್ತು.

ಪುಸ್ತಕ ಹೇಳಿದ ಸಮಾನತೆ ನಮ್ಮ ಓವನ್ನಿಗೆ ಒಗ್ಗಲಿಲ್ಲ. ಕೆಲವು ತಿಂಗಳು ಚೆನ್ನಾಗಿಯೇ ಇದ್ದದ್ದು, ಬರಬರುತ್ತ ಎಡಗಡೆ ಹಿಂಬದಿಯ ನಾನಖಟಾಯಿ ಬಿಸ್ಕತ್ತುಗಳನ್ನು ಕಪ್ಪು ಮಾಡಿ, ಬಲಗಡೆಯವನ್ನು ಕಾಮಾಲೆ ಬಂದವರಂತೆ ಹಳದಿಯಾಗಿಯೇ ಬಿಡತೊಡಗಿತು. ಅಂಗಡಿಗೆ ಬರುವ ಗಿರಾಕಿಗಳು ಆರಿಸಿಕೊಂಡು ಒಯ್ಯುತ್ತಿದ್ದರು, ಹಾಗಾಗಿ ನಡೆಯುತ್ತಿತ್ತು. ಆದರೆ ಮಲಾಡ್‌ನ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿಗೆ ದಿನವೂ ನಾನಖಟಾಯಿ ಕೊಡುವ ಮಾತು ಬಂದಾಗ ಸಂಕಟ ಶುರುವಾಯಿತು. ಕ್ಯಾಂಟೀನಿನ ಮ್ಯಾನೇಜರು ನಮ್ಮ ಸ್ಯಾಂಪಲ್ ಡಬ್ಬಿ ತೆರೆದು, ಒಂದು ಕರಿಯದನ್ನೂ ಒಂದು ಹಳದಿಯದನ್ನೂ ಎತ್ತಿ ಅಕ್ಕಪಕ್ಕ ಹಿಡಿದು, "ಮಲ್ಲಪ್ಪಾಜೀ, ಯೇ ದೋನೋ ಏಕ್ ಹೀ ಡಬ್ಬೇ ಕೇ ಹೈ ಕ್ಯಾ?" ಎಂದು ಕೇಳಿದರು. "ಸಗೇ ಭಾಯಿ ಹೈ ಸಾಹೇಬ್" ಎಂದ ಕಾಕಾ, ಒಡಹುಟ್ಟಿದವರನ್ನು ಪರಿಚಯಿಸುವವನ ಹಾಗೆ. ಮ್ಯಾನೇಜರು ನಕ್ಕರು. ನಕ್ಕಿದ್ದರಿಂದಲೇ ಇನ್ನೊಂದು ಅವಕಾಶ ಸಿಕ್ಕಿತು: ಬರುವ ಸೋಮವಾರ ಇನ್ನೊಂದು ಡಬ್ಬಿ, ಅದೇ ಕೊನೆಯದು.

ಹೊರಗೆ ಬಂದ ಮೇಲೆ ಕಾಕಾ ನಗಲಿಲ್ಲ. ಭಟ್ಟಿ ಹೋದ ಮೇಲೆ ವ್ಯಾಪಾರ ಅರ್ಧಕ್ಕಿಳಿದಿತ್ತು. ಈ ಆರ್ಡರು ಸಿಗದಿದ್ದರೆ ಬೇಕರಿ ಮುಚ್ಚಿ ಗಾಳಾ ಬಾಡಿಗೆಗೆ ಕೊಡುವುದೇ ಸೈ ಎಂದು ಅವನು ತೀರ್ಮಾನಿಸಿದ್ದ. ಗಾಳಾ ಎಂದರೆ ಎಸ್ಟೇಟಿನಲ್ಲಿ ನಮಗಿರುವ ಆ ಉದ್ದನೆಯ ಒಂದು ಕೋಣೆ. ಕೊರಿಯರ್ ಕಂಪನಿಯೊಂದರ ಮನುಷ್ಯ ಆಗಲೇ ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದ. ಅಳೆಯುವಾಗ ಚಾಚಾ ನೆಲದ ಮೇಲೆ ಕುಳಿತು ಹಿಟ್ಟು ನಾದುತ್ತಿದ್ದ. "ಚಾಚಾ, ಜರಾ ಪೈರ್ ಉಠಾವ್" ಎಂದ ಅವನು. ಚಾಚಾ ಕಾಲೆತ್ತಿದ, ಟೇಪು ಅವನ ಕೆಳಗಿನಿಂದ ಹಾದುಹೋಯಿತು. ಅವತ್ತಿನಿಂದ ಚಾಚಾ ಹಿಟ್ಟಿನ ಪರಾತವನ್ನು ಮೇಜಿನ ಮೇಲಿಟ್ಟುಕೊಂಡು ನಿಂತೇ ನಾದತೊಡಗಿದ.

ನಾನು ನನ್ನ ಪದ್ಧತಿಯಂತೆ ಕೆಲಸ ಶುರುಮಾಡಿದೆ. ಎಲ್ಲ ತಟ್ಟೆಗಳ ಮೇಲೂ ಬ್ರೆಡ್ಡಿನ ಹೋಳುಗಳನ್ನು ಸಾಲಾಗಿ ಹೊಂದಿಸಿ, ಒಂದೇ ಸಲ ಒಳಗಿಟ್ಟು, ಯಾವ ಹೋಳು ಎಷ್ಟು ಕಂದಿತೆಂದು ನೋಡಿದರೆ ಓವನ್ನಿನ ಬಿಸಿಯ ಭೂಪಟವೇ ಸಿಗುತ್ತದೆ. ಸಿಕ್ಕಿತು. ಎಡಗಡೆ ಮರುಭೂಮಿ, ಬಲಗಡೆ ಮಂಜುಗಡ್ಡೆ, ನಡುವೆ ಮನುಷ್ಯರು ವಾಸಿಸಬಹುದಾದ ಒಂದು ಸಣ್ಣ ಪಟ್ಟಿ. ಫೋಟೋ ತೆಗೆದು ತಾರೀಖು ಹಾಕಿದೆ. ಮರುದಿನ ಮತ್ತೊಮ್ಮೆ ಮಾಡಿದೆ, ಏಕೆಂದರೆ ಒಂದೇ ಸಲದ ಪರೀಕ್ಷೆಯನ್ನು ನಂಬಬಾರದು. ಉಳಿದ ಟೋಸ್ಟುಗಳನ್ನೆಲ್ಲ ಮನೆಗೆ ಒಯ್ದೆ. ಅಪ್ಪ ಅವನ್ನು ಚಹಾದಲ್ಲಿ ತಿಂದ, ಅವ್ವ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದಳು, ಅದರ ಮರುದಿನ ಚೂಡಾ ಮಾಡಿದಳು. "ನಿನ್ನ ಮಶೀನ್ ರಿಪೇರಿ ಆಗೂತನಕ ಈ ಮನ್ಯಾಗ ರೊಟ್ಟಿ ಬಡಿಯೂ ಕೆಲಸ ಇಲ್ಲ ನೋಡ" ಎಂದಳು; ಅದು ದೂರೋ ಸಂತೋಷವೋ ನನಗೆ ತಿಳಿಯಲಿಲ್ಲ.

ಭೂಪಟ ಸಿಕ್ಕಿತು, ಕಾರಣ ಸಿಗಬೇಕಲ್ಲ. ಪುಸ್ತಕ ತೆರೆದೆ. ಓವನ್ನನ್ನು ಪೂರ್ತಿ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಫ್ಯಾನಿನ ಮುಂದಿನ ಜಾಲರಿ ಬಿಚ್ಚಿ ತೊಳೆಯಬೇಕು, ಬಾಗಿಲಿನ ರಬ್ಬರು ನೋಡಬೇಕು, ಆಮೇಲೆ ಬಿಸಿ ಏರಿಸಿ ಇಳಿಸುವ ಗುಬುಟನ್ನು ಸರಿಹೊಂದಿಸಬೇಕು ಎಂದಿತ್ತು. ಸುಲಭವಾಗಿ ಕಂಡಿತು. ಸಂಜೆ ಮನೆಗೆ ಹೊರಡುವಾಗ ನಾನೇ ಕೈಯಾರೆ ಆರಿಸಿದೆ. ಬೆಳಿಗ್ಗೆ ಬಂದು ಬಾಗಿಲು ಮುಟ್ಟಿದರೆ ಬೆಚ್ಚಗಿತ್ತು. ಗುಬುಟು ಸಣ್ಣ ಉರಿಯ ಮೇಲೆ ನಿಂತಿತ್ತು. ಮರುದಿನವೂ ಹಾಗೇ. "ಚಾಚಾ, ಯಾರು ಹಚ್ಚಿದ್ದು?" ಎಂದು ಕೇಳಿದೆ. ಅವನು ರಾತ್ರಿ ಮಲಗುವುದು ಗಾಳಾದ ಅಟ್ಟದ ಮೇಲೆಯೇ. "ಬೇಟಿ, ಕರೆಂಟಿನ ಮಶೀನ್ ಐತಿ, ತನ್ನಷ್ಟಕ್ಕ ತಾನ ಚಾಲೂ ಆಗಿರಬೇಕ" ಎಂದು ಹಿಟ್ಟಿನ ಕಡೆ ತಿರುಗಿದ. ನಾನು ಗುಬುಟಿಗೆ ಟೇಪು ಅಂಟಿಸಿ ಹೋದೆ. ಬೆಳಿಗ್ಗೆ ಟೇಪು ಇದ್ದ ಹಾಗೇ ಇತ್ತು, ನಾನು ಅಂಟಿಸಿದ್ದಕ್ಕಿಂತ ನೀಟಾಗಿ. ಓವನ್ನು ಬೆಚ್ಚಗೇ ಇತ್ತು.

ಇದರ ಹಿಂದೆ ಏನಿದೆಯೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಇಟ್ಟಿಗೆಯ ಭಟ್ಟಿಯನ್ನು ಆರಲು ಬಿಡುವಂತಿಲ್ಲ. ಒಮ್ಮೆ ತಣ್ಣಗಾದರೆ ಮತ್ತೆ ಕಾಯಲು ಎರಡು ದಿನ ಬೇಕು, ಇಟ್ಟಿಗೆ ಬಿರುಕು ಬಿಡುವ ಭಯ ಬೇರೆ. ಹಾಗಾಗಿ ಹಬ್ಬವಿರಲಿ ಹರಿದಿನವಿರಲಿ, ಒಂದು ತುಂಡು ಸೌದೆಯಾದರೂ ಒಳಗೆ ಕೆಂಪಾಗಿರಬೇಕು. ಕಾರಣ ಮರೆತುಹೋಗಿ ನಿಯಮ ಮಾತ್ರ ಉಳಿದಾಗ ಅದು ಶಾಸ್ತ್ರವಾಗುತ್ತದೆ. "ಭಟ್ಟಿ ಥಂಡಾ, ತೋ ಧಂಧಾ ಥಂಡಾ" ಎಂಬುದು ನಮ್ಮ ಬೇಕರಿಯ ಶಾಸ್ತ್ರ. ಕಾಕಾನ ಮದುವೆಯ ದಿನ ಕೂಡ ಚಾಚಾ ಅಕ್ಕಿಕಾಳು ಹಾಕಲಿಕ್ಕೂ ಬರದೆ ಭಟ್ಟಿ ಕಾಯುತ್ತ ಉಳಿದಿದ್ದನಂತೆ. ಅಂಥ ಭಟ್ಟಿ ಹೋಗಿ ಕಪಾಟು ಬಂದರೂ ಶಾಸ್ತ್ರ ಹೋಗಲಿಲ್ಲ.

ಶನಿವಾರ ನಾನು ಅವ್ವನಿಗೂ ಹೇಳದೆ ಮೊದಲ ಲೋಕಲ್ ಹಿಡಿದೆ. ಗಾಳಾದ ಶಟರ್ ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದರೆ ಓವನ್ನಿನ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದವನು ಚಾಚಾ ಅಲ್ಲ, ಮಲ್ಲಪ್ಪ ಕಾಕಾ. ಉಗುರಿನಿಂದ ಟೇಪನ್ನು ಮೆಲ್ಲಗೆ ಬಿಡಿಸುತ್ತಿದ್ದ. ನನ್ನನ್ನು ಕಂಡು ಬೆಣ್ಣೆ ಕದ್ದವನ ಹಾಗೆ ಕೈ ಹಿಂದೆ ಮಾಡಿಕೊಂಡ.

"ಕಾಕಾ, ನೀನಾ?"

"ಹಂಗಲ್ಲವಾ" ಎಂದ ದನಿ ತಗ್ಗಿಸಿ. "ನನಗೇನ್ ಇಂಥಾದರಾಗ ನಂಬಿಕಿ ಇಲ್ಲ. ದಸ್ತಗೀರ್ ಎದ್ದ ಕೂಡಲೇ ಬಂದು ಮುಟ್ಟಿ ನೋಡತಾನ. ತಣ್ಣಗಿದ್ದರ ಮುದಕಗ ಬ್ಯಾಸರ ಆಕ್ಕತಿ. ಅದಕ್ಕ ದಿನಾ ಬಂದು ನೋಡತೇನಿ, ಆರಿದ್ದರ ಒಂದೀಟ ಬೆಚ್ಚಗ ಮಾಡಿ ಇಡತೇನಿ."

ಅಷ್ಟರಲ್ಲಿ ಅಟ್ಟದ ಏಣಿಯಿಂದ ಎರಡು ಕಾಲುಗಳು ಇಳಿದವು, ಅವುಗಳ ಹಿಂದೆ ಚಾಚಾನ ದನಿ. "ಸೇಠ, ನೀವ್ಯಾಕ ತಕಲೀಫ್ ತಗೋತೀರಿ. ನಾ ಮಲಗೂ ಮುಂದ ಹಚ್ಚೇ ಮಲಗೇನಿ. ನೀವು ತಿರಿವಿದ್ರ ಬಂದ್ ಆಕ್ಕತಿ."

ಕಾಕಾ ಅವನನ್ನೇ ನೋಡಿದ. "ನೀ ಹಚ್ಚತೀ?"

"ನನಗೇನು ಸೇಠ, ನಾ ಮಶೀನ್ ಅಂದ್ರ ಮಶೀನ್ ಅಂತ ತಿಳದಾಂವ. ನೀವು ಮುಂಜಾನೆ ಬಂದು ಥಂಡಾ ಭಟ್ಟಿ ನೋಡಿದ್ರ ನಿಮ್ಮ ದಿಲ್‌ಗ ಛಲೋ ಅನಸೂದಿಲ್ಲ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ನಂಬಿಕೆಯಿಲ್ಲದ ಒಂದು ಶಾಸ್ತ್ರವನ್ನು ಇಬ್ಬರೂ ಇನ್ನೊಬ್ಬನಿಗಾಗಿ ಕದ್ದುಮುಚ್ಚಿ ಪಾಲಿಸುತ್ತಿದ್ದರು. ಈ ಹೊತ್ತಿನಲ್ಲಿ ನನ್ನ ಕಣ್ಣು ತುಂಬಿತು ಎಂದು ಬರೆಯಬಹುದಿತ್ತು. ನಿಜವಾಗಿ ನಾನು ಕರೆಂಟು ಬಿಲ್ಲಿನ ಬಗ್ಗೆ ಯೋಚಿಸುತ್ತಿದ್ದೆ. ಸಂದರ್ಭ ಬಿಡಬಾರದೆಂದು ಕೂಡಲೇ ಹೇಳಿದೆ: "ಕಾಕಾ, ಲೋಕಲ್ ಗಾಡಿಗೇ ಭಾನುವಾರ ಬ್ಲಾಕ್ ತಗೋತಾರ. ನಾಕ್ ತಾಸು ಗಾಡಿ ನಿಲ್ಲಿಸಿ ಹಳಿ ನೋಡತಾರ, ತಂತಿ ನೋಡತಾರ. ಮುಂಬಯಿ ಏನರ ನಿಂತೈತೇನು? ನಮ್ಮ ಓವನ್‌ಗೂ ಈ ಭಾನುವಾರ ಬ್ಲಾಕ್ ತಗೊಳ್ಳೂನು."

ಬ್ಲಾಕ್ ಎಂಬ ಮಾತು ಕೆಲಸ ಮಾಡಿತು. ಆರಿಸುವುದು ಅಪಶಕುನ, ಬ್ಲಾಕ್ ಸರಕಾರಿ. "ಬ್ಲಾಕ್ ಅಂದ್ರ ಆಮ್ಯಾಲ ಚಾಲೂ ಆಕ್ಕತಿ ಅಂತಲೇ ಅರ್ಥ" ಎಂದು ಚಾಚಾ ಕಾಕಾನಿಗೆ ಸಮಾಧಾನ ಹೇಳಿದ. ಕಾಕಾ ಅದನ್ನೇ ತಿರುಗಿ ಚಾಚಾನಿಗೆ ಹೇಳಿದ.

ಭಾನುವಾರ ಓವನ್ನು ತನ್ನ ಜೀವಮಾನದಲ್ಲಿ ಮೊದಲ ಸಲ ತಣ್ಣಗಾಯಿತು. ಜಾಲರಿಯ ಸ್ಕ್ರೂಗಳನ್ನು ಬಿಚ್ಚಿ, ಯಾವುದು ಯಾವ ಮೂಲೆಯದೆಂದು ಗುರುತು ಹಾಕಿದ ಚಹಾದ ಕಪ್ಪುಗಳಲ್ಲಿ ಒಂದೊಂದಾಗಿ ಇಟ್ಟೆ. ಜಾಲರಿ ಕೈಗೆ ಬಂದಾಗ ಮೂವರೂ ಬಗ್ಗಿ ನೋಡಿದೆವು. ಅದರ ಬಲ ಅರ್ಧಕ್ಕೆ ಬೆಣ್ಣೆ ಕಾಗದದ ಚೂರುಗಳು ಒಂದರ ಮೇಲೊಂದು ಸುಟ್ಟು, ಡಾಲ್ಡಾದಲ್ಲಿ ನೆಂದು, ಹಪ್ಪಳದ ಹಾಗೆ ಅಂಟಿಕೊಂಡಿದ್ದವು. ಗಾಳಿಗೆ ಬಲಗಡೆ ದಾರಿಯೇ ಇಲ್ಲ. ಎಲ್ಲ ಬಿಸಿಯೂ ಎಡಕ್ಕೆ ನುಗ್ಗುತ್ತಿತ್ತು. ಭಟ್ಟಿಯೊಳಗೆ ಗಾಳಿ ಇರುವುದಿಲ್ಲ, ಕಾಗದವನ್ನು ಹಾಗೇ ಹಾಸಿದರೆ ಹಾಗೇ ಇರುತ್ತದೆ. ಇಲ್ಲಿ ಫ್ಯಾನು ಅಂಚನ್ನು ಎತ್ತಿ ತನ್ನ ಕಡೆ ಎಳೆದುಕೊಳ್ಳುತ್ತದೆ.

"ಈ ಕಾಗದ ಹಾಸೂ ಪದ್ಧತಿ ಯಾರು ತಂದಿದ್ದು?" ಎಂದೆ, ತನಿಖಾಧಿಕಾರಿಯ ದನಿಯಲ್ಲಿ.

ಚಾಚಾ ಕಪ್ಪಿನೊಳಗಿನ ಸ್ಕ್ರೂ ನೋಡತೊಡಗಿದ. ಕಾಕಾ ಗೋಡೆಯ ಕಡೆ ಬೆರಳು ಮಾಡಿದ. ಅಲ್ಲಿ ನನ್ನದೇ ಅಕ್ಷರದಲ್ಲಿ, ತಾರೀಖಿನ ಸಮೇತ, ಒಂದು ಚೀಟಿ: ಸ್ವಚ್ಛತೆಗಾಗಿ ಇಂದಿನಿಂದ ಪ್ರತಿ ತಟ್ಟೆಗೂ ಬೆಣ್ಣೆ ಕಾಗದ ಕಡ್ಡಾಯ.

"ನಾ ಏನೂ ಅಂದಿಲ್ಲ ಬೇಟಿ" ಎಂದ ಚಾಚಾ.

ಅವನ ಪಾಲೂ ಸ್ವಲ್ಪ ಇತ್ತೆಂದು ದಾಖಲೆಗಾಗಿ ಹೇಳುತ್ತೇನೆ. ಭಟ್ಟಿಯ ಕಬ್ಬಿಣದ ಬಾಗಿಲನ್ನು ಮೊಣಕಾಲಿನಿಂದ ಗುದ್ದಿ ಮುಚ್ಚಿ ರೂಢಿಯಾದವನು, ಓವನ್ನಿನ ಬಾಗಿಲಿಗೂ ಅದೇ ಗೌರವ ಕೊಟ್ಟು ಕೆಳಮೂಲೆಯ ರಬ್ಬರನ್ನು ಚಪ್ಪಟೆ ಮಾಡಿದ್ದ. ಅದನ್ನು ಬದಲಿಸಿದೆವು. ಜಾಲರಿಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದೆವು. ಆಮೇಲೆ ನಾನು ಒಳಗೆ ಥರ್ಮಾಮೀಟರು ತೂಗುಹಾಕಿ, ಬಾಗಿಲು ಮುಚ್ಚಿ, ಓವನ್ನು ಹಚ್ಚಿ, ನೋಡಲು ಕುಳಿತರೆ ಗಾಜಿನ ಮೇಲಿನ ಜಿಡ್ಡಿನಲ್ಲಿ ಏನೂ ಕಾಣಿಸಲಿಲ್ಲ. ಎಲ್ಲ ತೊಳೆದಿದ್ದೆವು, ಗಾಜೊಂದನ್ನು ಬಿಟ್ಟು. ಮತ್ತೆ ಆರಿಸಿ, ಗಾಜು ಒರೆಸಿ, ಹಚ್ಚಿ ನೋಡಿದಾಗ ಗುಬುಟು ತೋರಿಸುವುದಕ್ಕಿಂತ ಒಳಗಿನ ಬಿಸಿ ಹೆಚ್ಚಿತ್ತು. ಗುಬುಟಿನ ಬದಿಯ ಸಣ್ಣ ಸ್ಕ್ರೂ ಸಡಿಲಿಸಿ, ಗುರುತಿನ ಗೆರೆ ನಿಜವಾದ ಬಿಸಿಗೆ ಸರಿಹೋಗುವಂತೆ ತಿರುಗಿಸಿ ಕೂಡಿಸಬೇಕು. ತಿರುಗಿಸಿದೆ, ವಿರುದ್ಧ ದಿಕ್ಕಿಗೆ. ಮೊದಲ ತಟ್ಟೆ ಹೊರಬಂದಾಗ ಎಲ್ಲ ನಾನಖಟಾಯಿಗಳೂ ಒಂದೇ ಬಣ್ಣದಲ್ಲಿದ್ದವು: ಕಪ್ಪು. "ಸಮಾನ ಆಗ್ಯಾವಲ್ಲ" ಎಂದ ಕಾಕಾ. ಎರಡನೆಯ ಸಲ ಸರಿಯಾಗಿ ತಿರುಗಿಸಿದೆ.

ಸೋಮವಾರ ಮಲಾಡ್‌ನಲ್ಲಿ ಮ್ಯಾನೇಜರು ಡಬ್ಬಿ ತೆರೆದು, ಈ ಮೂಲೆಯದೊಂದು ಆ ಮೂಲೆಯದೊಂದು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದರು. ಒಂದನ್ನು ಮುರಿದು ತಿಂದರು. ಕಾಕಾ ಕೈಚೀಲದ ಹಿಡಿಕೆಯನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದ. ಅವರು ಇನ್ನೊಂದನ್ನೂ ತಿಂದು, "ಕಲ್ ಸೇ ಭೇಜೋ" ಎಂದು ನಾಳೆಯಿಂದಲೇ ಕಳಿಸಲು ಹೇಳಿದರು. ರಸ್ತೆಗೆ ಬಂದ ಕೂಡಲೇ ಕಾಕಾ ಕೊರಿಯರಿನವನಿಗೆ ಫೋನು ಹಚ್ಚಿ, ಗಾಳಾ ಖಾಲಿ ಇಲ್ಲ ಎಂದು ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದ. ಬೇಕರಿಯಲ್ಲಿ ಸುದ್ದಿ ಕೇಳಿದ ಚಾಚಾ ಪರಾತವನ್ನು ಮೇಜಿನಿಂದ ಇಳಿಸಿ, ಕಾಲು ಚಾಚಿ ನೆಲದ ಮೇಲೆ ಕುಳಿತ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗೆದ್ದ ಖುಷಿಯಲ್ಲಿ ನಾನು ಗೋಡೆಗೆ ಇನ್ನೊಂದು ಚೀಟಿ ಅಂಟಿಸಿದೆ: ಪ್ರತಿ ಭಾನುವಾರ ಬ್ಲಾಕ್, ಜಾಲರಿ ತೊಳೆಯುವುದು ಕಡ್ಡಾಯ. ಕಾಕಾ ಓದಿ ತಲೆದೂಗಿದ. ಚಾಚಾ ಓದಿಸಿಕೊಂಡು ತಲೆದೂಗಿದ. ಭಟ್ಟಿ ಕಾಯಬೇಕಾದ ಕಾರಣ ಈ ಊರಿಗೆ ಬಂದಾಗಿನಿಂದ ಇಬ್ಬರೂ ಒಟ್ಟಿಗೆ ಒಂದು ದಿನ ಎಲ್ಲಿಗೂ ಹೋದವರಲ್ಲ ಎಂಬುದು ಇಬ್ಬರಿಗೂ ಏಕಕಾಲಕ್ಕೆ ಹೊಳೆಯಿತು. ಮಶೀನು ನನ್ನದು, ಪುಸ್ತಕ ನನ್ನದು, ಸ್ಕ್ರೂಗಳ ಕಪ್ಪುಗಳ ಲೆಕ್ಕವೂ ನನಗೇ ಗೊತ್ತು; ಅಂದಮೇಲೆ ಯಾರು ಬರಬೇಕೆಂದು ಚರ್ಚೆ ಕೂಡ ನಡೆಯಲಿಲ್ಲ.

ಈ ಭಾನುವಾರ ದಹಿಸರ್‌ನಿಂದ ಬಂದು, ಮೊಣಕೈವರೆಗೆ ಸೋಡಾನೀರಿನಲ್ಲಿ ಕೈಯಿಟ್ಟು ಜಾಲರಿ ಉಜ್ಜುತ್ತಿರುವಾಗ ವಿಡಿಯೋ ಕಾಲ್ ಬಂತು. ಅಕ್ಸಾ ಬೀಚಿನಲ್ಲಿ ಕಾಕಾ ಪ್ಯಾಂಟು ಮಡಚಿಕೊಂಡು ನಿಂತಿದ್ದ. ಚಾಚಾ ಅವನ ಹಿಂದೆ ಕುಲ್ಫಿ ಹಿಡಿದುಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಿದ್ದ.

"ಇಲ್ಲಿ ಗಾಳಿ ಭಾಳ ಛಲೋ ಐತಿ ನೋಡವಾ" ಎಂದ ಕಾಕಾ. "ಫ್ಯಾನ್ ತೊಳದ್ಯಾ?"