ಗೆರೆಗುಂಟ ಓಡುವ ಹುಡುಗಿಯನ್ನು ಅಳೆದವರು

ನಮ್ಮ ಕಡೆ ಒಬ್ಬ ಹುಡುಗಿ ಸ್ವಲ್ಪ ಜೋರಾಗಿ ಓಡಿದರೆ ಸಾಕು, ಅವಳು ಎಲ್ಲಿಯವರೆಗೆ ಓಡಬಹುದು ಎಂದು ಅಳೆಯಲು ಊರೇ ಟೇಪು ಹಿಡಿದು ನಿಲ್ಲುತ್ತದೆ. ತಾವು ಬಸ್ಸು ಹಿಡಿಯಲೂ ಓಡದವರು ಇದರಲ್ಲಿ ಎಲ್ಲರಿಗಿಂತ ಮುಂದೆ.

ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಿಜಯಪುರದ ಇಬ್ರಾಹಿಂಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಎಡಗಡೆಯ ವಿಂಗರ್ ಒಬ್ಬಳಿದ್ದಾಳೆ. ವಿಂಗರ್ ಅಂದರೆ ಮೈದಾನದ ಅಂಚಿನ ಗೆರೆಗುಂಟ ಚೆಂಡು ಒಯ್ದು, ಎದುರಿನವರ ಗೋಲಿನ ಮುಂದೆ ತಂದು ಹಾಕುವವಳು. ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ಕಣ್ಣಿಗೆ ಬಿದ್ದಳು, ಈಗ ಹತ್ತನೇ ಕ್ಲಾಸು. ಅಲ್ಲಿಂದ ಇಲ್ಲಿಯವರೆಗೆ ಇಬ್ಬರೂ ಓಡುತ್ತಲೇ ಇದ್ದೇವೆ. ಅವಳು ಚೆಂಡಿನ ಹಿಂದೆ, ನಾನು ಅವಳನ್ನು ಅಳೆಯುವವರ ಹಿಂದೆ.

ಮೊದಲು ಅಳೆದವಳು ನಾನೇ

ಸಾಲಿಯಲ್ಲಿ ಹೊಸದಾಗಿ ಫುಟ್‌ಬಾಲ್ ಶುರು ಮಾಡಿದಾಗ ಚೆಂಡು ಎಲ್ಲಿದೆಯೋ ಅಲ್ಲಿಗೆ ಎಲ್ಲ ಹುಡುಗಿಯರೂ ಸಂತೆಯಲ್ಲಿ ಮುಗಿಬಿದ್ದ ಹಾಗೆ ಮುಗಿಬೀಳುತ್ತಿದ್ದರು. ಇವಳೊಬ್ಬಳು ಮಾತ್ರ ಎಡಗಡೆಯ ಅಂಚಿನಲ್ಲಿ ಒಂಟಿಯಾಗಿ ನಿಂತಿರುತ್ತಿದ್ದಳು. ಗುಂಪಿನಿಂದ ಚೆಂಡು ತಪ್ಪಿಸಿಕೊಂಡು ಉರುಳಿ ಬಂತೋ, ಎಡಗಾಲಿನಿಂದ ಎಳೆದುಕೊಂಡು ಗೆರೆ ದಾಟದೆ, ಗೆರೆ ಬಿಡದೆ, ದಾರ ಹಿಡಿದು ಎಳೆದಂತೆ ಓಡುತ್ತಿದ್ದಳು. ಈ ಒಂದು ಬುದ್ಧಿ ಕಲಿಸಲು ದೊಡ್ಡ ದೊಡ್ಡ ಕೋಚ್‌ಗಳು ಗಂಟಲು ಹರಿದುಕೊಳ್ಳುವುದನ್ನು ನಾನು ಟ್ರೇನಿಂಗಿನಲ್ಲಿ ನೋಡಿದ್ದೆ. ನನಗೆ ಮೈಯೆಲ್ಲ ರೋಮಾಂಚನ. ಆಟ ನಿಲ್ಲಿಸಿ ಕರೆದೆ.

"ಹಿಂಗ ಗೆರಿ ಹಿಡದ ಆಡೂದು ಯಾರ ಕಲಿಸ್ಯಾರವಾ ನಿನಗ? ಒಮ್ಮೆನೂ ಮೈದಾನದ ನಡುವ ಹೋಗವಲ್ಲಿ?"

ಅವಳು ಬರಿಗಾಲು ಎತ್ತಿ ತೋರಿಸಿದಳು. "ನಡುವ ನೆಗ್ಗಿಲಮುಳ್ಳ ಅದಾವಲ್ರಿ ಅಕ್ಕೋರ!"

ಮರುದಿನ ಮೈದಾನ ಹಸನು ಮಾಡಲು ಹುಡುಗರು ಸಲಿಕೆ ಹಿಡಿದು ಬಂದರು. "ಇನ್ನೊಂದ ವಾರ ತಡೀರಿ, ಅಕಿಗಿ ರೂಢಿ ಆಗ್ಲಿ" ಎಂದು ನಾನೇ ತಿರುಗಿ ಕಳಿಸಿದೆ.

ಹೆಡ್ ಮಾಸ್ತರರ ಲೆಕ್ಕ

ನಮ್ಮ ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಸುಮ್ಮನೆ ನಿಂತವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಒಂದು ದಿನ ಪೂರ್ತಿ ಆಟ ನೋಡಿ ನನ್ನನ್ನು ಆಫೀಸಿಗೆ ಕರೆದರು.

"ಮೇಡಂ, ಉಳಿದವರೆಲ್ಲ ಬೆವರಾಕತ್ತಾರ, ನಿಮ್ಮ ವಿಂಗರ್ ಬಾಳ ಹೊತ್ತ ಸುಮ್ನ ನಿಂತಿರ್ತಾಳ. ಅಕಿನ್ನ ತಗದು ದುಡಿಯಾಕಿನ್ನ ಹಾಕ್ರಿ."

ನನಗೆ ಸಿಟ್ಟು ಬಂತು. "ಸರ, ಅಕಿ ಸುಮ್ನ ನಿಂತಾಗ ಅವರ ಕಡಿ ಇಬ್ಬರು ಅಕಿನ್ನ ಕಾಯ್ಕೋತ ಸುಮ್ನ ನಿಂದರಬೇಕ್ರಿ. ಅಕಿ ನಿಲ್ಲೂದ ಕೆಲಸ. ಈಗ ನೀವು ವರಾಂಡಾದಾಗ ಕೈ ಕಟ್ಟಿ ನಿಂತೀರಿ ಅಂದ್ರ ಸಾಲಿ ಎಲ್ಲಾ ಗಪ್ ಆಗ್ತೈತಿಲ್ರಿ? ಆವಾಗ ನಿಮಗ ಯಾರರ ಬಂದು, ಈ ಮನಶ್ಯಾ ಸುಮ್ನ ನಿಂತಾನ, ತಗೀರಿ ಅಂತಾರೇನ್ರಿ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ವರ್ಗಾವಣೆಯೇ ಗತಿ ಎಂದುಕೊಂಡೆ. ಹೆಡ್ ಮಾಸ್ತರರು ಎದ್ದು ಕಿಟಕಿಯಾಚೆ ವರಾಂಡಾ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಹಂಗಾದ್ರ ನಾನೂ ವಿಂಗರ್ ಅನ್ರಿ. ಎಡಗಡೇದೋ, ಬಲಗಡೇದೋ?"

ಆಯಿ ಕೊಟ್ಟ ಒಪ್ಪಿಗೆ

ಬಬಲೇಶ್ವರದಲ್ಲಿ ಪಂದ್ಯ ನಿಗದಿಯಾಯಿತು. ಹುಡುಗಿಯ ಮನೆಯಲ್ಲಿ ತಕರಾರು ಎದ್ದಿದೆ ಎಂದು ಕೇಳಿ ನಾನೇ ಹೋದೆ. ಮನೆ ಇರುವುದು ದ್ರಾಕ್ಷಿ ತೋಟದ ನಡುವೆ. ಬಾಗಿಲಲ್ಲಿ ಅವಳ ಆಯಿ, ಅಂದರೆ ತಂದೆಯ ತಾಯಿ, ಜ್ವಾಳ ಹಸನು ಮಾಡುತ್ತ ಕುಳಿತಿದ್ದರು. ಅಪ್ಪ ಅವ್ವ ಗ್ವಾಡಿಗೆ ಒರಗಿ ನೆಲ ನೋಡುತ್ತಿದ್ದರು. ಮಾತೆಲ್ಲ ಅವಳ ಕಾಕಾನದು, ಅಂದರೆ ಚಿಕ್ಕಪ್ಪನದು.

"ಚಡ್ಡಿ ಹಾಕ್ಕೊಂಡು ಮಂದಿ ಮುಂದ ಓಡೂದು ನಮ್ಮ ಮನ್ಯಾಗ ನಡಿಯೂದಿಲ್ರಿ ಟೀಚರ್. ಆಡಿದ್ದ ಸಾಕು."

ಹುಡುಗಿ ಒಳಗಿನಿಂದಲೇ ಒದರಿದಳು. "ಸಾಕಾಗಿಲ್ಲ!"

ಆಯಿ ಮೊರ ಕೆಳಗಿಟ್ಟರು. "ಒದಿಯೂದಕ್ಕ ನಂದೇನ ತಕರಾರಿಲ್ರಿ ಅಕ್ಕೋರ. ಹೊಟ್ಟ್ಯಾಗಿದ್ದಾಗೂ ಒದ್ದಾಳ ಅಂತ ಅವರವ್ವ ಹೇಳ್ತಾಳ. ಆದ್ರ ಎಡಗಾಲ್ಲೆ ಯಾಕ ಒದಿತಾಳ್ರಿ? ಬಲಗಾಲ್ಲೆ ಒದ್ರ ಶುಭ ಅಲ್ರಿ?"

"ಆಯಿ, ಎದುರಿನವರಿಗೆ ಅಶುಭ ಆದ್ರ ಆತಿಲ್ರಿ?" ಎಂದೆ.

ಆಯಿಗೆ ಅದು ಪೂರ್ತಿ ಒಪ್ಪಿತು. ಕಾಕಾನಿಗೆ ಒಪ್ಪಲಿಲ್ಲ. "ನಗಬ್ಯಾಡ್ರಿ. ನಾಳೆ ವರ ನೋಡಾಕ ಬಂದಾಗ ಏನಂತ ಹೇಳೂದು?"

"ಏನ ಹೇಳ್ತಿ? ಇದ್ದದ್ದ ಹೇಳೋ" ಎಂದರು ಆಯಿ. "ನಮ್ಮ ಹುಡುಗಿ ಒದಿತಾಳ ಅಂತ ಮೊದಲ ಹೇಳಿಬಿಡು. ಬಂದವ ಹುಷಾರ ಇರ್ತಾನ."

ಗೆರೆಯಾಚೆಯ ಪಂಡಿತ

ಬಬಲೇಶ್ವರದ ಮೈದಾನದಲ್ಲಿ ಜನ ಗೆರೆಗೇ ಹತ್ತಿ ನಿಂತಿದ್ದರು. ಅದರಲ್ಲಿ ಒಬ್ಬ ಕಪ್ಪು ಕನ್ನಡಕದ ತರುಣ, ಗುಟಕಾ ಜಗಿಯುತ್ತ, ಇವಳ ಕಡೆಯ ಅಂಚಿನಲ್ಲೇ ಠಿಕಾಣಿ ಹೂಡಿದ್ದ. ಇವಳಿಗೆ ಚೆಂಡು ಬಂದಾಗೆಲ್ಲ ಕೂಗುತ್ತಿದ್ದ. "ಏ, ಮನಿಗಿ ಹೋಗಿ ರೊಟ್ಟಿ ಬಡಿ ಹೋಗ!" ಅವನ ಗೆಳೆಯರು ಹೋ ಎನ್ನುತ್ತಿದ್ದರು. ನಾನು ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಮಧ್ಯಂತರದ ಸೀಟಿ ಆಯಿತು. ಹುಡುಗಿ ನೀರು ಕುಡಿಯಲು ನಮ್ಮ ಕಡೆ ಬರಲಿಲ್ಲ. ನೇರ ಅವನ ಹತ್ತಿರ ನಡೆದಳು.

"ಅಣ್ಣಾ, ರೊಟ್ಟಿ ಬಡದ ಬಂದೀನಿ. ನೀ ಉಂಡ ಬಂದಿಯಿಲ್ಲೋ?"

"ಉಂಡೇನಿ. ಯಾಕ?"

"ಉಂಡಿದ್ರ ಓಡು ಬಾ. ಆ ಕಡೆ ಕಂಬದ ತನಾ."

ಗೆಳೆಯರ ಎದುರು ಇಲ್ಲ ಅನ್ನಲಾಗದೆ ಓಡಿದ. ಅರ್ಧ ದಾರಿಗೆ ಕನ್ನಡಕ ಬಿತ್ತು, ಮುಂದೆ ಚಪ್ಪಲಿ ಹರಿಯಿತು. ಹುಡುಗಿ ಕಂಬ ಮುಟ್ಟಿ, ತಿರುಗಿ ಬಂದು, ಅವನ ಕನ್ನಡಕ ಹೆಕ್ಕಿ ಕೈಗೆ ಕೊಟ್ಟು, ನೀರು ಕುಡಿಯಲು ಹೋದಳು.

ಎರಡನೇ ಅರ್ಧ ಶುರುವಾಯಿತು. ಎದುರಿನ ತಂಡದ ದಪ್ಪನೆಯ ಡಿಫೆಂಡರ್ ಇವಳನ್ನು ಹಿಡಿಯಲು ಎದ್ದುಬಿದ್ದು ಬೆನ್ನತ್ತಿದಳು. ಗೆರೆಯಾಚೆ ಪಕ್ಕೆ ಹಿಡಿದು ಕುಳಿತಿದ್ದ ಅದೇ ತರುಣ ಏದುಸಿರು ಬಿಡುತ್ತ ಕೂಗಿದ.

"ಬಿಡವಾ ತಂಗಿ, ಅಕಿ ಸಿಗೂದಿಲ್ಲ! ನಾ ಓಡಿ ನೋಡೀನಿ!"

ಆಯ್ಕೆ ಸಮಿತಿ

ಜಿಲ್ಲಾ ತಂಡದ ಆಯ್ಕೆ ವಿಜಯಪುರದಲ್ಲಿ. ಹೋದ ವರ್ಷವೂ ಕರೆದುಕೊಂಡು ಹೋಗಿದ್ದೆ. ಶಾಮಿಯಾನದ ನೆರಳಲ್ಲಿ ಕುಳಿತ ಆಯ್ಕೆದಾರರ ಪೈಕಿ ಹಿರಿಯರೊಬ್ಬರು, ಅರ್ಧ ಕಣ್ಣು ಮುಚ್ಚಿ ನೋಡಿ, ಅವಳ ತಲೆ ಸವರಿ ಹೇಳಿದ್ದರು. "ಪೊಟೆನ್ಶಿಯಲ್ ಐತಿ. ಮುಂದಿನ ವರ್ಷ ಬಾ." ಬಸ್ಸಿನಲ್ಲಿ ಹುಡುಗಿ ಕೇಳಿದಳು, ಪೊಟೆನ್ಶಿಯಲ್ ಅಂದ್ರೇನ್ರಿ ಅಕ್ಕೋರ? "ಬಾಳ ಚೊಲೋ ಅದಿ, ಆದ್ರ ತಗೊಳ್ಳೂದಿಲ್ಲ ಅಂತ" ಎಂದೆ.

ಈ ವರ್ಷ ಮತ್ತೆ ಹೋದೆವು. ಆಟಕ್ಕೆ ಕೂಡಿಸಿದ ತಂಡದಲ್ಲಿ ಉಳಿದವರೆಲ್ಲ ಒಂದೇ ಕ್ಲಬ್ಬಿನ ಸಿಟಿ ಹುಡುಗಿಯರು. ಚೆಂಡು ಅವರವರಲ್ಲೇ ತಿರುಗಿತು. ಇವಳು ಎಡಗಡೆ ಕೈ ಎತ್ತಿ ಎತ್ತಿ ಸೋತಳು. ನಾನು ಶಾಮಿಯಾನಕ್ಕೆ ಹೋಗಿ ಜಗಳ ತೆಗೆದೆ. ಹಿರಿಯರು ಕೈ ಚೆಲ್ಲಿದರು. "ಮೇಡಂ, ಅಕಿಗಿ ಬಾಲ್ ಸಿಗದ ನಾವ ಹ್ಯಾಂಗ ನೋಡೂದ್ರಿ?"

ಅದು ಅವಳ ಕಿವಿಗೂ ಬಿತ್ತು. ಮರುಕ್ಷಣವೇ ತನ್ನ ತಂಡದವಳೇ ಚೆಂಡು ಹಿಡಿದು ಬರುತ್ತಿದ್ದಾಗ ಅಡ್ಡ ನುಗ್ಗಿ, ಆ ಕಾಲಿನಡಿಯಿಂದ ಚೆಂಡು ಕಸಿದು, ಗೆರೆಗುಂಟ ಹೊರಟೇಬಿಟ್ಟಳು. ಹಿಂದೆ ಎದುರಿನ ತಂಡ, ಅದರ ಹಿಂದೆ ಬೈಯುತ್ತ ಸ್ವಂತ ತಂಡ. ಯಾರಿಗೂ ಸಿಗದೆ ಗೋಲು ಹೊಡೆದಳು.

ಹಿರಿಯರು ಸೀಟಿ ಊದುತ್ತ ಎದ್ದು ಬಂದರು. "ಏ ಹುಡುಗಿ, ಅಕಿ ನಿನ್ನ ಟೀಮಿನಾಕಿ!"

"ಗೊತ್ತೈತ್ರಿ ಸರ. ಕೊಡವಲ್ಲಳ್ರಿ, ಅದಕ್ಕ ತಗೊಂಡೆ."

ಸಮಿತಿಯಲ್ಲಿ ಗುಸುಗುಸು. ಶಿಸ್ತು ಇಲ್ಲ ಅಂದರು ಒಬ್ಬರು. ಬೇರೆ ಜಿಲ್ಲೆಯವರು ಎದುರಿಗೆ ನಿಂತಾಗ ಇಂಥಾಕಿನ ಬೇಕು ಅಂದರು ಇನ್ನೊಬ್ಬರು. ನಾನು ಸೊಂಟದ ಮೇಲೆ ಕೈ ಇಟ್ಟು ಅಲ್ಲೇ ನಿಂತಿದ್ದೆ, ಇವತ್ತು ಹಾಗೇ ಹೋಗುವವಳಲ್ಲ ಎಂದು. ಕೊನೆಗೆ ಹಿರಿಯರು ಗಂಟಲು ಸರಿಪಡಿಸಿಕೊಂಡು, ಅವಳ ತಲೆಯ ಮೇಲೆ ಕೈ ಇಟ್ಟರು.

"ನೋಡವಾ, ನಿನ್ನ ಒಳಗ ಪೊಟೆನ್ಶಿಯಲ್..."

ಹುಡುಗಿ ಆ ಕೈ ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

"ಸರ, ಪೊಟೆನ್ಶಿಯಲ್ ಹ್ವಾದ ವರ್ಷ ಕೊಟ್ಟೀರ್ರಿ, ಮನ್ಯಾಗೈತಿ. ಈ ವರ್ಷ ಜರ್ಸಿ ಕೊಡ್ರಿ."

ಕೊಟ್ಟರು.